ಪರಿಚಯವಿಲ್ಲದ ಊರಿನಲ್ಲಿ ಮೊದಲ ಸೆಮಿಸ್ಟರ್

(ಈ ವರ್ಷ ವಿದೇಶಕ್ಕೆ ಓದಲು ಹೊರಟಿರುವ ವಿದ್ಯಾರ್ಥಿಗಳು ಮತ್ತು ಅವರ ಪೋಷಕರ ಮುಂದೆ ಶಿವಮೊಗ್ಗದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೂ ವಿದ್ಯಾರ್ಥಿ ಮಿತ್ರರಿಗೂ ನಮಸ್ಕಾರ.

ವಿದೇಶದಲ್ಲಿ ಓದುವುದರ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಈಗ ಮಾಹಿತಿಗೇನೂ ಬರವಿಲ್ಲ. ಯಾವ ವಿಶ್ವವಿದ್ಯಾಲಯ, ಯಾವ ಕೋರ್ಸು, ಸಾಲಕ್ಕೆ ಯಾವ ಬ್ಯಾಂಕು, ವೀಸಾಕ್ಕೆ ಏನೇನು ಕಾಗದಪತ್ರ ಎಂಬುದನ್ನೆಲ್ಲ ಹೇಳಿಕೊಡುವವರು ಇಲ್ಲಿಯೇ ಸಿಗುತ್ತಾರೆ. ಅವರ ಜವಾಬ್ದಾರಿ ನಿಮ್ಮನ್ನು ವಿಮಾನ ಹತ್ತಿಸುವಲ್ಲಿಗೆ ಮುಗಿಯುತ್ತದೆ. ಇಂದು ನಾನು ಹೇಳಬೇಕೆಂದಿರುವುದು ವಿಮಾನದಿಂದ ಇಳಿದ ಮೇಲಿನ ಮೊದಲ ಕೆಲವು ತಿಂಗಳುಗಳ ಬಗ್ಗೆ, ಅಂದರೆ ಮನೆ, ವಿಳಾಸ, ದುಡ್ಡು, ಅಡುಗೆ, ಸ್ನಾನ, ಜ್ವರ ಇತ್ಯಾದಿ ಯಾವ ಕರಪತ್ರದಲ್ಲಿಯೂ ಜಾಗ ಸಿಗದ ಸಂಗತಿಗಳ ಬಗ್ಗೆ. ನಾನು ಓದಿದ್ದು ಜರ್ಮನಿಯಲ್ಲಾದ್ದರಿಂದ ಉದಾಹರಣೆಗಳೆಲ್ಲ ಅಲ್ಲಿನವೇ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವಿಲ್ಲ. ಆದರೆ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕವಿದೆ. ಈ ಕಾರಣಕ್ಕೆ ಮಲೆನಾಡಿನ ಮಧ್ಯಮವರ್ಗದ ಮನೆಗಳಿಂದ ಅಲ್ಲಿಗೆ ಹೋಗುವವರು ಹೆಚ್ಚು.

ನಾನು ತೀರ್ಥಹಳ್ಳಿ ತಾಲ್ಲೂಕಿನ ತೋಟದ ನಡುವಿನ ಒಂಟಿಮನೆಯಿಂದ ಹೋದವನು. ನಮ್ಮ ಕಡೆಯ ಬದುಕು ಬಹುಮಟ್ಟಿಗೆ ಪರಿಚಯದ ಮೇಲೆ ನಡೆಯುತ್ತದೆ. ಮನೆಗೆ ಬೀದಿಯ ಹೆಸರಿಲ್ಲ, ನಂಬರಿಲ್ಲ; ತಂದೆಯ ಹೆಸರು ಮತ್ತು ಊರಿನ ಹೆಸರು ಬರೆದರೆ ಸಾಕು, ಕಾಗದ ಬಂದು ತಲುಪುತ್ತದೆ, ಅಂಚೆಯವರಿಗೆ ತೋಟ ಇಳಿದು ಬರಲು ಪುರುಸೊತ್ತಿಲ್ಲದಿದ್ದರೆ ಬಸ್‌ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಕೊಟ್ಟು ಹೋಗುತ್ತಾರೆ. ಅಂಗಡಿಯಲ್ಲಿ ಉದ್ರಿ ಬರೆಸಬಹುದು. ಬಸ್ಸಿಗೆ ಚಿಲ್ಲರೆ ಇಲ್ಲದಿದ್ದರೆ ನಾಳೆ ಕೊಡಬಹುದು. ಡಾಕ್ಟರಿಗೆ ನಮ್ಮ ಅಜ್ಜನ ಸಕ್ಕರೆ ಕಾಯಿಲೆಯ ಚರಿತ್ರೆಯೂ ಗೊತ್ತಿರುತ್ತದೆ. ಈ ಪರಿಚಯದ ಜಾಲ ನಮ್ಮ ಪರವಾಗಿ ದಿನಕ್ಕೆ ಎಷ್ಟು ಕೆಲಸ ಮಾಡುತ್ತಿರುತ್ತದೆ ಎಂಬುದು ಅದರಿಂದ ಹೊರಗೆ ಕಾಲಿಟ್ಟಾಗಲೇ ತಿಳಿಯುವುದು. ಜರ್ಮನಿಯಲ್ಲಿ ಅದರ ಸ್ಥಾನದಲ್ಲಿ ಕುಳಿತಿರುವುದು ಬರಹ: ಲಿಖಿತ ವಿಳಾಸ, ಲಿಖಿತ ಕರಾರು, ಮುಂಚಿತವಾಗಿ ಗೊತ್ತುಪಡಿಸಿಕೊಂಡ ಭೇಟಿಯ ಸಮಯ. ಅಲ್ಲಿನ ಜನ ಶುಷ್ಕ ಎಂದು ಹೇಳುವವರನ್ನು ಕೇಳಿದ್ದೇನೆ. ನನಗೆ ಹಾಗೆ ಅನ್ನಿಸುವುದಿಲ್ಲ. ಯಾರ ಪರಿಚಯವೂ ಇಲ್ಲದ ಒಬ್ಬ ಹುಡುಗಿ ಸೊರಬದಿಂದ ಹೋಗಿ ಇಳಿದರೂ, ಆಕೆಯ ಕಾಗದಗಳು ಸರಿಯಿದ್ದರೆ ಸರದಿಯಲ್ಲಿ ಆಕೆಗೆ ಸಿಗುವ ಜಾಗವೂ ಸ್ಥಳೀಯರಿಗೆ ಸಿಗುವ ಜಾಗವೂ ಒಂದೇ. ಪರಿಚಯದ ಮೇಲೆ ನಡೆಯುವ ನಮ್ಮ ಊರುಗಳಲ್ಲಿ ಹೊರಗಿನಿಂದ ಬಂದವರ ಗತಿ ಏನೆಂಬುದನ್ನು ನಾವೂ ಸ್ವಲ್ಪ ಯೋಚಿಸಬೇಕು.

ಬರಹದ ಈ ಬದುಕು ಶುರುವಾಗುವುದು ಅಂಚೆಪೆಟ್ಟಿಗೆಯಿಂದ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೊಸಬರ ಅರ್ಧ ತೊಂದರೆಗಳ ಮೂಲ ಇಲ್ಲಿದೆ. ಜರ್ಮನಿಯ ವಸತಿ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಬೀದಿಯ ಹೆಸರು ಮತ್ತು ಕಟ್ಟಡದ ಸಂಖ್ಯೆ ಇರುತ್ತವೆಯೇ ಹೊರತು ಒಳಗಿನ ಒಂದೊಂದು ಮನೆಗೂ ಬೇರೆ ಸಂಖ್ಯೆ ಇರುವುದಿಲ್ಲ. ಕೆಳಗಡೆ ಸಾಲಾಗಿ ತಗಡಿನ ಪೆಟ್ಟಿಗೆಗಳಿರುತ್ತವೆ, ಪ್ರತಿ ಪೆಟ್ಟಿಗೆಯ ಮೇಲೆ ಒಳಗಿರುವವರ ಹೆಸರಿನ ಸಣ್ಣ ಚೀಟಿ ಇರುತ್ತದೆ. ಅಂಚೆಯವರು ಆ ಹೆಸರು ನೋಡಿ ಕಾಗದ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಕಾಗದ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಬ್ಯಾಂಕಿನ ಕಾರ್ಡು ಒಂದು ಲಕೋಟೆಯಲ್ಲಿ, ಅದರ ಪಿನ್ ಇನ್ನೊಂದು ಲಕೋಟೆಯಲ್ಲಿ, ಆರೋಗ್ಯ ವಿಮೆಯ ಕಾರ್ಡು ಮತ್ತೊಂದರಲ್ಲಿ, ತೆರಿಗೆ ಗುರುತಿನ ಸಂಖ್ಯೆ ಮಗದೊಂದರಲ್ಲಿ ಹೀಗೆ ಮೊದಲ ಎರಡು ತಿಂಗಳು ನಿಮ್ಮ ಬದುಕೆಲ್ಲ ಆ ತಗಡಿನ ಸಂದಿಯೊಳಗಿಂದಲೇ ಬರಬೇಕು. ಆದ್ದರಿಂದ ಕೋಣೆಯ ಕೀಲಿ ಕೈಗೆ ಬಂದ ದಿನವೇ ಹೆಸರಿನ ಚೀಟಿ ಅಂಟಿಸಬೇಕು. ಯಾವ ಹೆಸರು? ಪಾಸ್‌ಪೋರ್ಟಿನಲ್ಲಿ ಇರುವುದೇ. ನಮ್ಮಲ್ಲಿ ತಂದೆಯ ಹೆಸರಿನ ಮೊದಲಕ್ಷರ, ಊರಿನ ಮೊದಲಕ್ಷರ ಸೇರಿಸಿ ಬರೆಯುವ ರೂಢಿ ಇದೆ. ಅಂಕಪಟ್ಟಿಯಲ್ಲೊಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿಯೇ ಬಿಟ್ಟಿರುವವರೂ ಉಂಟು. ಕುಲನಾಮವಿಲ್ಲದ ಮನುಷ್ಯನನ್ನು ಅಲ್ಲಿನ ಕಂಪ್ಯೂಟರ್ ಅರ್ಜಿಗಳು ಊಹಿಸಿಯೇ ಇಲ್ಲ. ವೀಸಾಕ್ಕೆ ಅರ್ಜಿ ಹಾಕುವ ಮೊದಲೇ, ಅಂದರೆ ಇನ್ನೂ ಶಿವಮೊಗ್ಗದಲ್ಲಿರುವಾಗಲೇ, ಈ ಹೆಸರುಗಳನ್ನು ಒಂದೇ ರೂಪಕ್ಕೆ ತಂದುಕೊಳ್ಳುವುದು ಬಹಳ ಮುಖ್ಯ.

ಇನ್ನು ಆ ವಿಳಾಸ ಸಿಗುವುದು ಹೇಗೆಂಬ ಪ್ರಶ್ನೆ. ಅಲ್ಲಿ ಹೊಸ ಮನೆಗೆ ಹೋದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕೆಂಬ ಕಾನೂನಿದೆ. ಆನ್‌ಮೆಲ್ಡುಂಗ್ ಎಂಬ ಈ ಹೆಸರನ್ನು ನೀವು ಹೋದ ಮೊದಲ ದಿನವೇ ಕೇಳುತ್ತೀರಿ. ನೋಂದಣಿಗೆ, ನೀವು ಅಲ್ಲಿ ವಾಸಕ್ಕೆ ಬಂದಿದ್ದೀರಿ ಎಂದು ಮನೆಯ ಮಾಲೀಕರು ಸಹಿ ಮಾಡಿಕೊಟ್ಟ ಪತ್ರ ಬೇಕು. ನೋಂದಣಿ ಆಗದೆ ತೆರಿಗೆ ಸಂಖ್ಯೆ ಬರುವುದಿಲ್ಲ, ವಾಸದ ಪರವಾನಗಿ ಮುಂದುವರಿಯುವುದಿಲ್ಲ, ಎಷ್ಟೋ ಬ್ಯಾಂಕುಗಳಲ್ಲಿ ಖಾತೆಯೂ ತೆರೆಯುವುದಿಲ್ಲ. ದಿನದ ಲೆಕ್ಕದಲ್ಲಿ ಹಿಡಿದ ತಾತ್ಕಾಲಿಕ ಕೋಣೆಗಳ ಮಾಲೀಕರು ಅನೇಕರು ಈ ಪತ್ರ ಕೊಡುವುದಿಲ್ಲ. ಹೀಗಾಗಿ ಪ್ರವೇಶಪತ್ರ ಕೈಗೆ ಬಂದ ದಿನವೇ ಆ ಊರಿನ ಸ್ಟುಡಿಯೆರೆಂಡೆನ್‌ವೆರ್ಕ್ ಎಂಬ ವಿದ್ಯಾರ್ಥಿ ಕಲ್ಯಾಣ ಸಂಸ್ಥೆಯ ಹಾಸ್ಟೆಲಿಗೆ ಅರ್ಜಿ ಹಾಕಿಬಿಡಬೇಕು. ಅಲ್ಲಿ ಬಾಡಿಗೆ ಕಡಿಮೆ, ಆದರೆ ಸರದಿ ಉದ್ದ. ಮ್ಯೂನಿಕ್‌ನಂಥ ಊರುಗಳಲ್ಲಿ ಕೆಲವು ಸೆಮಿಸ್ಟರುಗಳೇ ಕಾಯಬೇಕಾಗಬಹುದು. ಊರಿನ ಕಚೇರಿಯಲ್ಲಿ ಭೇಟಿಯ ದಿನವೂ ಬೇಗ ಸಿಗದೇ ಇರಬಹುದು. ಆಗ ದಿನ ಕಾಯ್ದಿರಿಸಿದ್ದಕ್ಕೆ ಬಂದ ಇಮೇಲನ್ನು ಮುದ್ರಿಸಿ ಇಟ್ಟುಕೊಳ್ಳಿ.

ಖಾಸಗಿ ಕೋಣೆ ಹುಡುಕುವವರು ಎರಡು ಮಾತು ನೆನಪಿಡಬೇಕು. ಕಾಲ್ಟ್‌ಮೀಟೆ ಎಂದರೆ ಬರಿಯ ಬಾಡಿಗೆ, ವಾರ್ಮ್‌ಮೀಟೆ ಎಂದರೆ ಹೀಟಿಂಗ್, ನೀರು, ಕಸದ ವೆಚ್ಚಗಳು ಸೇರಿದ ಬಾಡಿಗೆ. ಜಾಹೀರಾತಿನಲ್ಲಿ ಅಗ್ಗವಾಗಿ ಕಾಣುವುದು ಮೊದಲನೆಯದು. ಮುಂಗಡ ಠೇವಣಿ ಕಾನೂನಿನ ಪ್ರಕಾರ ಬರಿಯ ಬಾಡಿಗೆಯ ಮೂರು ಪಟ್ಟು ಮೀರುವಂತಿಲ್ಲ, ಅದನ್ನು ಮೂರು ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗಿದೆ. ಕೋಣೆ ನೋಡುವ ಮೊದಲೇ, ಕರಾರಿಗೆ ಸಹಿ ಬೀಳುವ ಮೊದಲೇ, ಕೀಲಿಯನ್ನು ಕೊರಿಯರಿನಲ್ಲಿ ಕಳಿಸುತ್ತೇನೆ ದುಡ್ಡು ಹಾಕಿ ಎನ್ನುವವರು ಮೋಸಗಾರರೇ. ಇಲ್ಲಿಂದಲೇ ಗಾಬರಿಯಲ್ಲಿ ಹಣ ಕಳಿಸಿ ಕಳೆದುಕೊಂಡ ಮಕ್ಕಳಿದ್ದಾರೆ.

ದುಡ್ಡಿನ ವಿಷಯ. ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ ಒಂದು ವರ್ಷದ ಖರ್ಚನ್ನು ಇಡಬೇಕಾಗುತ್ತದೆ. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ, ತಿಂಗಳಿಗೆ 992 ಯೂರೋದಂತೆ ಬಿಡುಗಡೆಯಾಗುತ್ತದೆ. ಪೋಷಕರು ತಿಳಿದಿರಬೇಕಾದ್ದೇನೆಂದರೆ, ವಿಮಾನ ಇಳಿದ ದಿನ ಆ ದುಡ್ಡು ಕೈಗೆ ಸಿಗುವುದಿಲ್ಲ. ಅಲ್ಲಿನ ಬ್ಯಾಂಕಿನಲ್ಲಿ ಚಾಲ್ತಿ ಖಾತೆ ತೆರೆದು, ಕೇಳಿದ ಕಾಗದಗಳನ್ನು ಸಲ್ಲಿಸಿದ ಮೇಲೆಯೇ ಮೊದಲ ಕಂತು ಬರುವುದು, ಆ ಹೊತ್ತಿಗೆ ಠೇವಣಿ ಮತ್ತು ಮೊದಲ ತಿಂಗಳ ಬಾಡಿಗೆ ಕೊಟ್ಟಾಗಿರಬೇಕು. ಹೀಗಾಗಿ ಆ ಕೆಲವು ವಾರಗಳಿಗೆ ಬೇಕಾದಷ್ಟು ಹಣವನ್ನು ಫಾರೆಕ್ಸ್ ಕಾರ್ಡಿನಲ್ಲಿ, ಸ್ವಲ್ಪವನ್ನು ನಗದಾಗಿ ಬೇರೆಯೇ ಒಯ್ಯಬೇಕು. ಇನ್ನೊಂದು, ಇಲ್ಲಿನ ಮೊಬೈಲ್ ಸಂಖ್ಯೆಯನ್ನು ಸಾಯಗೊಡಬೇಡಿ. ಇಲ್ಲಿನ ಬ್ಯಾಂಕಿನ ಒಟಿಪಿ ಅದಕ್ಕೇ ಬರುತ್ತದೆ. ಹೊರಡುವ ಮೊದಲು ರೋಮಿಂಗ್ ಹಾಕಿಸಿ, ತಿಂಗಳು ತಿಂಗಳು ರೀಚಾರ್ಜ್ ಮಾಡುವ ಹೊಣೆಯನ್ನು ಮನೆಯಲ್ಲಿ ಒಬ್ಬರು ವಹಿಸಿಕೊಳ್ಳಲಿ. ಓದಲು ಹೋದವರನ್ನು ರಿಸರ್ವ್ ಬ್ಯಾಂಕು ಅನಿವಾಸಿಗಳೆಂದು ಪರಿಗಣಿಸುವುದರಿಂದ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಎಂಬ ಅನಿವಾಸಿಗಳ ಖಾತೆಯಾಗಿ ಬದಲಾಯಿಸಲು ಬ್ಯಾಂಕಿಗೆ ತಿಳಿಸಬೇಕಾಗುತ್ತದೆ.

ವಿಳಾಸ ನೋಂದಣಿಯಾದ ಕೆಲವು ವಾರಗಳಿಗೆ ರೇಡಿಯೊ ಟಿವಿ ಶುಲ್ಕದ ಕಾಗದ ಬರುತ್ತದೆ. ತಿಂಗಳಿಗೆ 18.36 ಯೂರೋ. ನನ್ನ ಬಳಿ ಟಿವಿಯೇ ಇಲ್ಲವಲ್ಲ ಎಂದು ಅದನ್ನು ಕಸದ ಬುಟ್ಟಿಗೆ ಹಾಕುವವರು ಬಹಳ ಜನ, ಬಾಕಿ ಏರಿ ನೋಟಿಸು ಬಂದಾಗ ಕಂಗಾಲಾಗುವವರೂ ಅವರೇ. ಟಿವಿ ಇದ್ದರೂ ಇಲ್ಲದಿದ್ದರೂ ಇದು ಮನೆಗೊಂದು ಶುಲ್ಕ, ತಲೆಗೊಂದಲ್ಲ. ಮೂವರು ಒಂದೇ ಮನೆಯಲ್ಲಿದ್ದರೆ ಒಬ್ಬರು ಕಟ್ಟಿ, ಉಳಿದವರು ಕಟ್ಟುವವರ ಶುಲ್ಕದ ಖಾತೆ ಸಂಖ್ಯೆಯನ್ನು ಬರೆದು ಉತ್ತರ ಕಳಿಸಿದರೆ ಸಾಕು. ಒಟ್ಟಿನಲ್ಲಿ ಯಾವ ಕಾಗದಕ್ಕೂ ಉತ್ತರಿಸದೆ ಬಿಡಬಾರದು. ಗಡುವು ಯಾವುದೆಂದು ಮೊದಲು ನೋಡಿ, ಭಾಷೆ ತಿಳಿಯದಿದ್ದರೆ ಫೋನಿನಲ್ಲಿ ಅನುವಾದ ಮಾಡಿಕೊಂಡಾದರೂ ಓದಿ, ಲಿಖಿತವಾಗಿಯೇ ಉತ್ತರಿಸಿ. ಇವನ್ನೆಲ್ಲ ಒಂದೇ ಫೈಲಿನಲ್ಲಿ ಇಡಬೇಕು. ಪಹಣಿ, ಕಂದಾಯದ ರಸೀದಿಗಳನ್ನು ಟ್ರಂಕಿನಲ್ಲಿ ಜೋಪಾನ ಮಾಡುವ ನಮ್ಮ ಮನೆಗಳ ಮಕ್ಕಳಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ಇನ್ನು ಮನೆಯೊಳಗಿನ ಮಾತಿಗೆ ಬರುತ್ತೇನೆ. ಮೊದಲು ಬಚ್ಚಲು. ನಮ್ಮ ಬಚ್ಚಲುಮನೆಯಲ್ಲಿ ಹಂಡೆಯ ತುಂಬ ಬಿಸಿನೀರಿರುತ್ತದೆ, ಚೊಂಬಿನಿಂದ ಎಷ್ಟು ಸುರಿದುಕೊಂಡರೂ ಕಲ್ಲುಹಾಸಿನ ಮೇಲಿಂದ ಹರಿದು ತೋಟಕ್ಕೆ ಹೋಗುತ್ತದೆ. ಅಲ್ಲಿನ ಹೆಚ್ಚಿನ ಸ್ನಾನದ ಕೋಣೆಗಳಲ್ಲಿ ಶವರಿನ ಕಟ್ಟೆಯೊಳಗೆ ಬಿಟ್ಟರೆ ನೆಲದಲ್ಲಿ ನೀರು ಹೋಗುವ ಕಿಂಡಿಯೇ ಇರುವುದಿಲ್ಲ. ಬಕೆಟ್ಟು ಇಟ್ಟು ನೆಲದ ಮೇಲೆ ಕುಳಿತು ಸ್ನಾನ ಮಾಡಿದರೆ ಆ ನೀರು ನೆಲದ ಸಂದಿಗಳಲ್ಲಿ ಇಳಿದು ಕೆಳಗಿನ ಮನೆಯವರ ಸೂರಿನಲ್ಲಿ ಕಲೆಯಾಗಿ ಕಾಣಿಸಿಕೊಳ್ಳುತ್ತದೆ, ದುರಸ್ತಿಯ ಬಿಲ್ಲು ನಿಮ್ಮ ಹೆಸರಿಗೆ ಬರುತ್ತದೆ. ಇಂಥ ಹಾನಿಗಳನ್ನು ಭರಿಸುವ ಹಾಫ್ಟ್‌ಫ್ಲಿಷ್ಟ್ ಎಂಬ ಹೊಣೆಗಾರಿಕೆ ವಿಮೆ ಅಲ್ಲಿದೆ. ಕಡ್ಡಾಯವಲ್ಲ, ಆದರೆ ಅಗ್ಗ. ಮೊದಲ ತಿಂಗಳಲ್ಲೇ ಮಾಡಿಸಿಕೊಳ್ಳಿ.

ಎರಡನೆಯದು ಬೂಷ್ಟು. ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಗೂ, ಚಪ್ಪಲಿಗೂ, ಪುಸ್ತಕದ ಬೆನ್ನಿಗೂ ಬೂಷ್ಟು ಹಿಡಿಯುವುದನ್ನು ನೋಡಿ ಬೆಳೆದವರಿಗೆ ಜರ್ಮನಿಯಲ್ಲಿ ಅದರ ಭಯವೇ ಇರುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ ಬಿದ್ದರೆ ಬರ್ಲಿನ್‌ನಲ್ಲಿ ಬೀಳುವುದು 600ರ ಆಸುಪಾಸು. ಆದರೆ ಅಲ್ಲಿ ಬೂಷ್ಟಿಗೆ ಕಾರಣ ಹೊರಗಿನ ಮಳೆಯಲ್ಲ, ಒಳಗಿನ ಆವಿ. ಅನ್ನ ಬೇಯಿಸಿದ ಹಬೆ, ಸ್ನಾನದ ಹಬೆ, ಕೋಣೆಯಲ್ಲೇ ಒಣಹಾಕಿದ ಬಟ್ಟೆಯ ತೇವ, ಮಲಗಿದವರ ಉಸಿರು ಎಲ್ಲವೂ ಗಾಳಿಯಾಡದ ಕೋಣೆಯೊಳಗೇ ಉಳಿದು, ಚಳಿಗೆ ತಣ್ಣಗಾದ ಹೊರಗೋಡೆಯ ಮೂಲೆಯಲ್ಲಿ, ಕಪಾಟಿನ ಹಿಂದೆ ನೀರಾಗುತ್ತದೆ. ಕೆಲವು ವಾರಗಳಲ್ಲಿ ಅಲ್ಲಿ ಕಪ್ಪು ಚುಕ್ಕೆಗಳು ಏಳುತ್ತವೆ. ನಮ್ಮ ಮನೆಗಳಲ್ಲಿ ಹೆಂಚಿನ ಸಂದಿಯಿಂದ ಗಾಳಿಯಾಡುತ್ತದೆ, ಬಟ್ಟೆಯನ್ನು ಬಚ್ಚಲೊಲೆಯ ಮೇಲಿನ ಬಿದಿರ ಗಳದ ಮೇಲೆ ಹರವಿದರೆ ಹೊಗೆಯೂ ಬಿಸಿಯೂ ಸೇರಿ ಒಣಗಿಸುತ್ತವೆ. ಅಲ್ಲಿ ಆ ಕೆಲಸವನ್ನು ಕಿಟಕಿಯಿಂದ ಮಾಡಿಸಬೇಕು. ದಿನಕ್ಕೆ ಎರಡು ಮೂರು ಸಲ ಹೀಟರನ್ನು ತಗ್ಗಿಸಿ, ಕಿಟಕಿಯನ್ನು ಪೂರ್ತಿ ತೆರೆದು, ಐದರಿಂದ ಹತ್ತು ನಿಮಿಷ ಹೊರಗಿನ ಒಣಗಾಳಿ ನುಗ್ಗಲು ಬಿಟ್ಟು ಮತ್ತೆ ಮುಚ್ಚಬೇಕು. ಡಿಸೆಂಬರಿನ ಚಳಿಯಲ್ಲಿ ಕಿಟಕಿ ತೆರೆಯುವುದು ಹುಚ್ಚುತನ ಎಂದು ನಮಗೆ ಅನ್ನಿಸುತ್ತದೆ. ಆದರೆ ಬಾಡಿಗೆ ಕರಾರಿನಲ್ಲೇ ಇದನ್ನು ಬರೆದಿರುವುದುಂಟು, ಬೂಷ್ಟು ಹಿಡಿದ ಗೋಡೆಯ ವೆಚ್ಚವನ್ನು ಠೇವಣಿಯಿಂದ ಮುರಿದುಕೊಳ್ಳುವುದೂ ಉಂಟು. ಕೋಣೆಗೆ ಹೋದ ದಿನವೇ ಗೋಡೆಯ ಕಲೆ, ನೆಲದ ಗೀರು ಎಲ್ಲದರ ಫೋಟೊ ತೆಗೆದು, ಹಸ್ತಾಂತರದ ಪತ್ರದಲ್ಲಿ ಬರೆಸಬೇಕು ಎನ್ನುವುದು ಇದೇ ಕಾರಣಕ್ಕೆ.

ನೀರಿನದು ಸಣ್ಣ ಮಾತು. ನಲ್ಲಿಯ ನೀರನ್ನು ಕಾಯಿಸದೆಯೇ ಕುಡಿಯಬಹುದು. ಆದರೆ ಹಲವು ಊರುಗಳಲ್ಲಿ ಅದು ಗಡಸು ನೀರು. ಕೆಟಲಿನ ತಳದಲ್ಲಿ ಬಿಳಿಯ ಸುಣ್ಣ ಕಟ್ಟುತ್ತದೆ, ವಿನಿಗರ್ ಹಾಕಿ ತೊಳೆದರೆ ಹೋಗುತ್ತದೆ. ತುಂಗಾಪಾನ ಗಂಗಾಸ್ನಾನ ಎನ್ನುವ ಊರಿನವರಿಗೆ ಮೊದಲ ವಾರ ಆ ನೀರಿನ ಚಹಾ ರುಚಿಸದು.

ಅಡುಗೆಯ ಬಗ್ಗೆ ತಾಯಂದಿರು ಹೆಚ್ಚು ಕೇಳುತ್ತಾರೆ. ಅಕ್ಕಿ, ಬೇಳೆ, ಕೊತ್ತಂಬರಿ, ಬೆಂಡೆಕಾಯಿ ಟರ್ಕಿಯವರ ಅಂಗಡಿಗಳಲ್ಲಿ ಸಿಗುತ್ತವೆ. ದೊಡ್ಡ ಊರುಗಳಲ್ಲಿ ಭಾರತೀಯ ಅಂಗಡಿಗಳಲ್ಲಿ ಸೋನಾ ಮಸೂರಿಯೂ ಸಿಗುತ್ತದೆ. ಆದ್ದರಿಂದ ಅವನ್ನು ಹೊರಬೇಡಿ. ಹೊರಬೇಕಾದ್ದು ಕುಕ್ಕರನ್ನು, ಅದೂ ಸ್ಟೀಲಿನ, ಇಂಡಕ್ಷನ್ ತಳವಿರುವ ಎರಡು ಮೂರು ಲೀಟರಿನದನ್ನು. ಇಂಡಕ್ಷನ್ ಒಲೆಯ ಮೇಲೆ ಸಾದಾ ಅಲ್ಯೂಮಿನಿಯಂ ಕುಕ್ಕರು ಬಿಸಿಯೇ ಆಗುವುದಿಲ್ಲ. ಜೊತೆಗೆ ಒಂದು ಹೆಚ್ಚುವರಿ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ಇರಲಿ. ನಮ್ಮ ಕುಕ್ಕರಿನ ಅಳತೆಯವು ಅಲ್ಲಿ ಸಿಗುವುದು ಕಷ್ಟ. ಮಲಗುವ ಕೋಣೆ ಮತ್ತು ಅಲ್ಲಿಂದ ಹೊರಹೋಗುವ ದಾರಿಯ ಸೂರಿನಲ್ಲಿ ಹೊಗೆಯ ಅಲಾರಂ ಕಡ್ಡಾಯ. ಅಡುಗೆಯ ಮೂಲೆಯೂ ಮಂಚವೂ ಒಂದೇ ಕೋಣೆಯಲ್ಲಿದ್ದರೆ ಬ್ಯಾಡಗಿ ಮೆಣಸಿನ ಒಗ್ಗರಣೆಗೆ ಅದು ಕೂಗಿಯೇ ಕೂಗುತ್ತದೆ. ಎಣ್ಣೆ ಹೊಗೆಯೇಳುವ ಮೊದಲೇ ಸಾಸಿವೆ ಹಾಕಿ, ಮುಚ್ಚಳ ಮುಚ್ಚಿ, ಕಿಟಕಿ ತೆರೆದಿಡುವುದನ್ನು ರೂಢಿಸಿಕೊಳ್ಳಬೇಕು. ಅಲಾರಮ್ಮಿಗೆ ಪ್ಲಾಸ್ಟಿಕ್ ಕವರು ಕಟ್ಟುವ ಜಾಣತನ ಬೇಡ. ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರಬೇಕಾದರೆ ಓವನ್ನಿನೊಳಗೆ ಇಟ್ಟು ಅದರ ದೀಪ ಮಾತ್ರ ಹಾಕಿಡಿ, ಬೆಳಗಿನ ಹೊತ್ತಿಗೆ ಉಬ್ಬಿರುತ್ತದೆ.

ಸಾಮಾನು ಕಟ್ಟುವಾಗ ಒಂದು ನಿರ್ಬಂಧ ತಿಳಿದಿರಲಿ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಒಯ್ಯುವಂತಿಲ್ಲ. ಅಂದರೆ ಮನೆಯ ತುಪ್ಪ, ಪೇಡ ಎರಡೂ ಹೋಗುವಂತಿಲ್ಲ. ಹಸಿ ಕರಿಬೇವಿಗೆ ಸಸ್ಯಾರೋಗ್ಯ ಪ್ರಮಾಣಪತ್ರ ಬೇಕು. ಒಣಕೊಬ್ಬರಿ ತನ್ನ ಎಣ್ಣೆಯಿಂದಾಗಿ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ವಿಮಾನಗಳಲ್ಲಿ ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ. ಸಾರಿನ ಪುಡಿ, ಚಟ್ನಿಪುಡಿ, ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಇವಕ್ಕೆ ಅಡ್ಡಿಯಿಲ್ಲ. ಚಟ್ನಿಪುಡಿಗೆ ಕೊಬ್ಬರಿ ಕಡಿಮೆ ಹಾಕಿದರೆ ಬೇಗ ಕಮಟುವುದಿಲ್ಲ.

ಹೊರಗಿನ ಕೆಲವು ನಿಯಮಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತರಬೇಕು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಗದ್ದಲ ಮಾಡುವಂತಿಲ್ಲ. ಕಸವನ್ನು ಕಾಗದ, ಪ್ಯಾಕಿಂಗ್, ಹಸಿಕಸ, ಉಳಿದದ್ದು ಎಂದು ಬೇರೆ ಮಾಡಬೇಕು. ಪ್ಲಾಸ್ಟಿಕ್ ನೀರಿನ ಬಾಟಲಿಯ ಬೆಲೆಯಲ್ಲಿ 25 ಸೆಂಟ್ ಠೇವಣಿ ಸೇರಿರುತ್ತದೆ, ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಹಿಂದಿರುಗುತ್ತದೆ. ಸ್ಥಳೀಯ ರೈಲು, ಟ್ರಾಮುಗಳಲ್ಲಿ ಹತ್ತುವಾಗ ಯಾರೂ ಟಿಕೆಟ್ ಕೇಳುವುದಿಲ್ಲ. ತಪಾಸಣೆಯವರು ಸಾದಾ ಉಡುಪಿನಲ್ಲಿ ನಡುವೆ ಹತ್ತುತ್ತಾರೆ, ಟಿಕೆಟ್ ಇಲ್ಲದವರಿಗೆ ದಂಡ 60 ಯೂರೋ. ಟಿಕೆಟ್ ಕೊಂಡು ಅದಕ್ಕೆ ಮುದ್ರೆ ಒತ್ತಿಸಿಕೊಳ್ಳಲು ಮರೆತವರಿಗೂ ಅದೇ ದಂಡ.

ಕಾಯಿಲೆಯ ವಿಷಯ ಸ್ವಲ್ಪ ಬೇರೆ. ಆರೋಗ್ಯ ವಿಮೆ ಇಲ್ಲದೆ ವಿಶ್ವವಿದ್ಯಾಲಯದಲ್ಲಿ ಹೆಸರೇ ನೋಂದಣಿಯಾಗುವುದಿಲ್ಲ. ಮೂವತ್ತು ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಸಾರ್ವಜನಿಕ ವಿಮೆಯಲ್ಲಿ ರಿಯಾಯಿತಿ ದರವಿದೆ. ತಿಂಗಳಿಗೆ ಸುಮಾರು 150 ಯೂರೋ ಎಂದು ಲೆಕ್ಕ ಹಿಡಿಯಿರಿ. ಆದರೆ ಜ್ವರ ಬಂದ ದಿನ ಡಾಕ್ಟರ ಬಳಿ ಹೋದರೆ ಇಂಜೆಕ್ಷನ್ ಚುಚ್ಚುತ್ತಾರೆ ಎಂದು ನಿರೀಕ್ಷಿಸಬೇಡಿ. ನೆಗಡಿ ಜ್ವರಕ್ಕೆ ಚಹಾ ಕುಡಿದು ಮೂರು ದಿನ ಮಲಗು ಎನ್ನುತ್ತಾರೆ, ಅದನ್ನು ಫೋನಿನಲ್ಲಿ ಕೇಳಿದ ತಾಯಂದಿರು ಇಲ್ಲಿ ಸಿಟ್ಟಾಗುತ್ತಾರೆ. ಪ್ಯಾರಸಿಟಮಾಲ್ ಕೂಡ ಸೂಪರ್ ಮಾರ್ಕೆಟ್‌ನಲ್ಲಿ ಸಿಗುವುದಿಲ್ಲ, ಔಷಧಿ ಅಂಗಡಿಗೇ ಹೋಗಬೇಕು. ಆಂಟಿಬಯೋಟಿಕ್‌ಗೆ ಚೀಟಿ ಬೇಕೇ ಬೇಕು. ರಾತ್ರಿ ಅಥವಾ ವಾರಾಂತ್ಯದಲ್ಲಿ ಡಾಕ್ಟರು ಬೇಕಾದರೆ 116117, ಪ್ರಾಣಾಪಾಯವಿದ್ದರೆ 112. ನಿತ್ಯ ಔಷಧಿ ತೆಗೆದುಕೊಳ್ಳುವವರು ಬ್ರ್ಯಾಂಡಿನ ಹೆಸರಲ್ಲದೆ ಔಷಧಿಯ ಮೂಲ ಹೆಸರಿರುವ ಇಂಗ್ಲಿಷ್ ಚೀಟಿಯನ್ನು ಇಲ್ಲಿನ ಡಾಕ್ಟರಿಂದ ಬರೆಸಿ ಒಯ್ಯಬೇಕು.

ಅಲ್ಲಿಗೆ ಹೋಗುವವರಲ್ಲಿ ಹೆಚ್ಚಿನವರು ಅಕ್ಟೋಬರಿನಲ್ಲಿ ತರಗತಿ ಶುರುಮಾಡುತ್ತಾರೆ. ಹಗಲು ಕುಗ್ಗುವ ಕಾಲವದು. ಡಿಸೆಂಬರಿನಲ್ಲಿ ಬರ್ಲಿನ್‌ನ ಹಗಲು ಎಂಟು ಗಂಟೆಗೂ ಕಡಿಮೆ, ನಾಲ್ಕರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಶಿವಮೊಗ್ಗದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗಿಂತ ಉದ್ದ. ಕಾರಣವಿಲ್ಲದೆ ಮನಸ್ಸು ಮಂಕಾದರೆ ಈ ಲೆಕ್ಕವನ್ನು ನೆನಪಿಸಿಕೊಳ್ಳಿ, ಮಧ್ಯಾಹ್ನ ಬೆಳಕಿರುವಾಗಲೇ ಹೊರಗೆ ನಡೆಯಿರಿ. ಬೇಸಿಗೆಯಲ್ಲಿ ನಮಗೂ ಅವರಿಗೂ ಮೂರೂವರೆ ಗಂಟೆಯ ಅಂತರವಿದ್ದರೆ ಅಕ್ಟೋಬರ್ ಕೊನೆಯ ಭಾನುವಾರದಿಂದ ಮಾರ್ಚ್ ಕೊನೆಯ ಭಾನುವಾರದವರೆಗೆ ನಾಲ್ಕೂವರೆ. ಇಲ್ಲಿ ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿ ಫೋನ್ ಮಾಡಿದರೆ ಆಗ ಅಲ್ಲಿ ಸಂಜೆ ನಾಲ್ಕೂವರೆ, ಮಗ ತರಗತಿಯಲ್ಲಿರಬಹುದು. ಆಷಾಢದ ಗಾಳಿಮಳೆಗೆ ನಮ್ಮ ಹಳ್ಳಿಗಳಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ದಿನಗಟ್ಟಲೆ ಹೋಗುತ್ತವೆ. ಆಗ ಸುದ್ದಿ ಮುಟ್ಟಿಸಲು ಪೇಟೆಯಲ್ಲಿರುವ ನೆಂಟರೊಬ್ಬರ ಸಂಖ್ಯೆಯನ್ನು ಮೊದಲೇ ಮಾತಾಡಿಟ್ಟುಕೊಳ್ಳುವುದು ಇಬ್ಬರಿಗೂ ನೆಮ್ಮದಿ.

ಉಪನ್ಯಾಸ ಮುಗಿದ ಮೇಲೆ ಸಾಗರದ ಕಡೆಯ ತಂದೆಯೊಬ್ಬರು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತಿದ್ದೇನೆ: "ಹುಡುಗ ಅಲ್ಲೇ ದುಡಿದು ಸಾಲದ ಕಂತು ಕಟ್ಟಬಹುದಾ?" ನಿಯಮದ ಪ್ರಕಾರ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು, 2026ರ ಜನವರಿಯಿಂದ ಕನಿಷ್ಠ ವೇತನ ಗಂಟೆಗೆ 13.90 ಯೂರೋ. ವಾರಕ್ಕೆ ಹತ್ತು ಗಂಟೆ ಕೆಲಸ ಸಿಕ್ಕರೆ ತಿಂಗಳಿಗೆ ಆರುನೂರರ ಆಸುಪಾಸು ಬರುತ್ತದೆ. ಅದು ಅಲ್ಲಿನ ಬಾಡಿಗೆ ಮತ್ತು ವಿಮೆಗೆ ಹೋಗುತ್ತದೆ. ಜರ್ಮನ್ ಮಾತಾಡಲು ಬಾರದವರಿಗೆ ಮೊದಲ ಸೆಮಿಸ್ಟರಿನಲ್ಲಿ ಆ ಕೆಲಸವೂ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಮೊದಲ ವರ್ಷ ಮಗನ ಸಂಪಾದನೆಯನ್ನು ಲೆಕ್ಕದಲ್ಲಿ ಬರೆಯಬೇಡಿ ಎಂದೇ ಅವರಿಗೆ ಹೇಳಿದೆ. ಶಿಕ್ಷಣ ಸಾಲದಲ್ಲಿ ಓದು ಮುಗಿಯುವವರೆಗೆ ಕಂತು ಕಟ್ಟಬೇಕಾಗಿಲ್ಲದಿದ್ದರೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಅಡಿಕೆ ಮಾರಿದ ದುಡ್ಡು ಕೈಗೆ ಬಂದಾಗ ಆ ವರ್ಷದ ಬಡ್ಡಿಯಷ್ಟನ್ನಾದರೂ ಬ್ಯಾಂಕಿಗೆ ಕಟ್ಟುತ್ತ ಬಂದರೆ, ಹುಡುಗ ಓದು ಮುಗಿಸಿ ಕೆಲಸಕ್ಕೆ ಸೇರುವ ಹೊತ್ತಿಗೆ ಸಾಲ ತೆಗೆದಷ್ಟೇ ಉಳಿದಿರುತ್ತದೆ.